ಚೂರಿ ಹಿಡಿಯದ ಕೈ

ಇದು ನಡೆದದ್ದು ಬಹಳ ಹಿಂದೆ, ಪಚ್ಚೆಕೋಟೆ ರಾಜ್ಯವನ್ನು ಉದಯಬಾಹು ಎಂಬ ಅರಸ ಆಳುತ್ತಿದ್ದಾಗ, ಒಂದು ಮಾರ್ಗಶಿರ ಮಾಸದಲ್ಲಿ. ಸಿಂಹಾಸನದ ಮೇಲೆ ಕೂರುತ್ತಿದ್ದವನು ಅರಸ, ಮಾತು ನಡೆಯುತ್ತಿದ್ದದ್ದು ಮಂತ್ರಿ ಜಟಾಂಕನದು. ಜಟಾಂಕ ಮಾಟಗಾರ. ಅವನಿಗೆ ಎದುರಾಡಿದವರು ಕಲ್ಲಾಗಿ ಅರಮನೆಯ ಅಂಗಳದಲ್ಲಿ ಸಾಲಾಗಿ ನಿಂತಿದ್ದರು.

ಕೋಟೆಯೊಳಗೆ ಒಂದು ಕಬ್ಬಿಣದ ಗೂಡು, ಗೂಡಿನೊಳಗೆ ಕಾಲಿಗೆ ಹುರಿ ಬಿಗಿದ ಎರಡು ತಲೆಯ ಗಂಡಭೇರುಂಡ. ಅದು ಹಾರಿಹೋದರೆ ಕೋಟೆಯ ಕೊಳ ಬತ್ತುತ್ತದೆ ಎಂದು ಜಟಾಂಕ ಹೇಳಿದ್ದ. ಎಲ್ಲರೂ ನಂಬಿದ್ದರು. ಆದ್ದರಿಂದ ಪ್ರತಿ ವರ್ಷ ಮಾರ್ಗಶಿರದ ಹುಣ್ಣಿಮೆಗೆ ಮೊದಲು, ಹೊಸದಾಗಿ ಬೆಳೆದ ರೆಕ್ಕೆಯ ಗರಿಗಳನ್ನು ಕತ್ತರಿಸುತ್ತಿದ್ದರು. ಆ ಗರಿಗಳನ್ನು ಜಟಾಂಕ ಒಯ್ದು ತನ್ನ ನಿಲುವಂಗಿಗೆ ಹೊಲಿಸಿಕೊಳ್ಳುತ್ತಿದ್ದ.

ಹಕ್ಕಿ ಒಂದೇ ಒಂದು ಮನೆತನದವರನ್ನು ಹತ್ತಿರ ಬಿಡುತ್ತಿತ್ತು. ಬೇರೆಯವರು ಒಳಗೆ ಹೋದರೆ ಒಂದು ತಲೆ ಹಿಡಿದುಕೊಳ್ಳುತ್ತಿತ್ತು, ಇನ್ನೊಂದು ಕುಕ್ಕುತ್ತಿತ್ತು. ಆ ಮನೆತನಕ್ಕೆ ಒಂದು ಪದ್ಧತಿ ಇತ್ತು: ಅಣ್ಣ ಗರಿ ಕತ್ತರಿಸಬೇಕು, ತಮ್ಮ ಕಾಳು ಹಾಕಬೇಕು. ಕಾಳು ಹಾಕುವವರು ಚೂರಿ ಮುಟ್ಟುವಂತಿಲ್ಲ, ಚೂರಿ ಹಿಡಿಯುವವರು ಕಾಳು ಮುಟ್ಟುವಂತಿಲ್ಲ. ಯಾಕೆ ಎಂದು ಯಾರೂ ಕೇಳಿರಲಿಲ್ಲ.

ಆ ವರ್ಷ ಅಣ್ಣ ತೀರಿಕೊಂಡ. ಅವನಿಗೆ ಮಕ್ಕಳಿರಲಿಲ್ಲ. ತಮ್ಮ ದೊಡ್ಡಬೋರನ ಕಣ್ಣು ಎಂದೋ ಹೋಗಿತ್ತು. ಉಳಿದವಳು ದೊಡ್ಡಬೋರನ ಮಗಳು ಸಂಕವ್ವ. ಅಪ್ಪನ ಕಣ್ಣು ಹೋದಂದಿನಿಂದ ಹಕ್ಕಿಗೆ ನವಣೆ ಹಾಕುತ್ತಿದ್ದವಳು ಅವಳೇ, ಅದೂ ಲಂಗ ತೊಡುವ ವಯಸ್ಸಿನಿಂದ. ಕಾಳು ಹಾಕುವವಳ ಕೈಗೆ ಚೂರಿ ಕೊಡಬಹುದೇ ಎಂದು ಅರಸ ಮೆಲ್ಲಗೆ ಕೇಳಿದ. ಕೈ ಅಂದರೆ ಕೈ, ಅದರಲ್ಲೇನು ಎಂದುಬಿಟ್ಟ ಜಟಾಂಕ.

ಸಂಕವ್ವನೂ ಹಾಗೆಯೇ ಅಂದುಕೊಂಡಳು. ಮಾಡಲೇಬೇಕಾದ ಕೆಲಸ, ಬೇಗ ಮುಗಿಸೋಣ ಎಂದು ಗೂಡಿನೊಳಗೆ ಹೋಗಿ, ಹಕ್ಕಿಯ ರೆಕ್ಕೆ ಬಿಡಿಸಿ, ಚೂರಿ ಎತ್ತಿದಳು. ಬೆರಳುಗಳು ಕಡ್ಡಿಯಂತೆ ಸೆಟೆದುಕೊಂಡವು. ಚೂರಿ ಕೆಳಗೆ ಬಿತ್ತು. ಎಡಗೈಯಲ್ಲಿ ಹಿಡಿದಳು. ಅದೂ ಸೆಟೆದುಕೊಂಡಿತು. ಚೂರಿ ಕೆಳಗೆ ಬಿತ್ತು.

“ಎಷ್ಟು ಸಲ ಬೀಳಿಸ್ತಾಳೆ ಇವಳು?” ಎಂದಿತು ಹಕ್ಕಿಯ ಎಡತಲೆ.

“ಎಣಿಸ್ತಾ ಕೂತ್ಕೋ. ನಿನಗೇನು ಬೇರೆ ಕೆಲಸ ಇದೆಯಾ?” ಎಂದಿತು ಬಲತಲೆ.

ಹೊರಗೆ ಬಂದು ಅದೇ ಕೈಯಲ್ಲಿ ನೀರು ಸೇದಿದಳು, ಕೂದಲು ಬಾಚಿದಳು, ಮುದ್ದೆ ಕಟ್ಟಿದಳು. ಏನೂ ತೊಂದರೆಯಿಲ್ಲ. ಗೂಡಿಗೆ ಮರಳಿದರೆ ಮತ್ತೆ ಕಡ್ಡಿ. ಅವಳಿಗೆ ತನ್ನ ಕೈಯ ಮೇಲೆಯೇ ಸಿಟ್ಟು ಬಂತು.

ಇದೆಲ್ಲ ನಾಟಕ ಎಂದ ಜಟಾಂಕ. ದೊಡ್ಡಬೋರನನ್ನು ಹಿಡಿಸಿ ತಂದು ಕಲ್ಲಾದವರ ಸಾಲಿನ ಕೊನೆಗೆ ಕಟ್ಟಿಸಿದ. ಹುಣ್ಣಿಮೆಯ ಚಂದ್ರ ಕೋಟೆಗೋಡೆ ದಾಟುವ ಮುಂಚೆ ಗರಿ ಬರದಿದ್ದರೆ ಅವನೂ ಕಲ್ಲು.

ಸಂಕವ್ವ ಮೊದಲು ಅರಮನೆಯ ವೈದ್ಯನ ಬಳಿ ಹೋದಳು. ವೈದ್ಯ ವಾತ ಎಂದ. ಎಳ್ಳೆಣ್ಣೆ ತಿಕ್ಕಿದ, ಎಕ್ಕದ ಎಲೆಯ ಶಾಖ ಕೊಟ್ಟ, ಒಂದೊಂದೇ ಬೆರಳನ್ನು ಲಟಕ್ಕೆನ್ನುವವರೆಗೆ ಎಳೆದ. ಆಮೇಲೆ ಸೌತೆಕಾಯಿ ಹೆಚ್ಚಲು ಹೇಳಿದ. ಸಂಕವ್ವ ತೆಳ್ಳಗೆ ಹೆಚ್ಚಿಕೊಟ್ಟಳು. ವೈದ್ಯ ಉಪ್ಪು ಹಚ್ಚಿ ತಿಂದು, ವಾಸಿಯಾಯಿತು ಎಂದ. ಗೂಡಿನಲ್ಲಿ ಚೂರಿ ಕೆಳಗೆ ಬಿತ್ತು. ನೀನು ಎಣ್ಣೆ ಇಂಗಲು ಬಿಟ್ಟಿಲ್ಲ ಎಂದು ವೈದ್ಯ ಅವಳನ್ನೇ ಬೈದ.

ಎರಡನೆಯದಾಗಿ ಸುಡುಗಾಡಿನ ಮಂತ್ರವಾದಿಯ ಬಳಿ ಹೋದಳು. ಮಂತ್ರವಾದಿ ದೆವ್ವ ಎಂದ. ಒಂದು ಕೋಳಿ ತರಿಸಿಕೊಂಡ, ನಿಂಬೆಹಣ್ಣು ಕೊಯ್ದ, ಬೂದಿ ಊದಿದ, ಬೇವಿನ ಸೊಪ್ಪಿನಿಂದ ಕೈಗೆ ಹೊಡೆದ. ಕೈ ಹಿಡಿದಿರುವವನು ಸತ್ತ ದೊಡ್ಡಪ್ಪ ಎಂದ. ಬದುಕಿದ್ದಾಗ ಒಂದು ದಿನವೂ ಗದರಿಸದ ದೊಡ್ಡಪ್ಪ ಈಗ ಯಾಕೆ ಕೈ ಹಿಡಿಯುತ್ತಾನೆ ಎಂದು ಸಂಕವ್ವ ಕೇಳಿದಳು. ಸತ್ತ ಮೇಲೆ ಜನ ಬದಲಾಗುತ್ತಾರೆ ಎಂದ. ಗೂಡಿನಲ್ಲಿ ಚೂರಿ ಕೆಳಗೆ ಬಿತ್ತು. ಹಾಗಾದರೆ ದೆವ್ವ ಹಿಡಿದಿರುವುದು ಹಕ್ಕಿಗೆ ಎಂದು ಮಂತ್ರವಾದಿ ಇನ್ನೊಂದು ಕೋಳಿ ಕೇಳಿದ.

ಮೂರನೆಯದಾಗಿ ಬೆಟ್ಟ ಹತ್ತಿ ಮೂಳೆಯವ್ವನ ಗವಿಗೆ ಹೋದಳು. ಮೂಳೆಯವ್ವ ಮುರಿದದ್ದನ್ನು ಕೂಡಿಸುವ ರಕ್ಕಸಿ. ಗವಿಯ ಬಾಗಿಲಿಗೆ ಅಡ್ಡವಾಗಿ ಬೆಂಕಿಯುಗುಳುವ ಹುಲಿ ಮಲಗಿತ್ತು. ಸಂಕವ್ವನಿಗೆ ಆ ಹೊತ್ತಿಗೆ ಹೆದರುವಷ್ಟೂ ತಾಳ್ಮೆ ಉಳಿದಿರಲಿಲ್ಲ. ಆಚೆ ಸರಿ ಎಂದಳು. ಹುಲಿ ಸರಿಯಿತು.

ಮೂಳೆಯವ್ವ ಅವಳ ಬಲಗೈಯನ್ನು ಮಣಿಕಟ್ಟಿನಿಂದ ಬಳೆ ಕಳಚಿದಂತೆ ಕಳಚಿದಳು. ನೋವಾಗಲಿಲ್ಲ, ರಕ್ತ ಬರಲಿಲ್ಲ. ಕೈಯನ್ನು ಬಂಡೆಯ ಮೇಲಿಟ್ಟು ಚೂರಿ ಕೊಟ್ಟಳು. ಸಂಕವ್ವನ ಸೆರಗಿಗೆ ಅಂಟಿಕೊಂಡು ಬಂದಿದ್ದ ಗಂಡಭೇರುಂಡದ ಗರಿಯೊಂದನ್ನು ಮುಂದಿಟ್ಟಳು. ಕೈ ಚೂರಿ ಹಿಡಿದು ಗರಿಯನ್ನು ಕಚಕ್ಕನೆ ಎರಡು ಮಾಡಿತು. ರಕ್ಕಸಿ ಕೈಯನ್ನು ಮರಳಿ ಜೋಡಿಸಿ, ಗರಿಯ ಉಳಿದ ತುಂಡನ್ನು ಮುಂದಿಟ್ಟಳು. ಬೆರಳು ಸೆಟೆದವು. ಚೂರಿ ಕೆಳಗೆ ಬಿತ್ತು.

“ನೋಡ್ದಾ? ಬಂಡೆ ಮೇಲೆ ಇದ್ದಾಗ ಕತ್ತರಿಸ್ತು. ನಿನಗೆ ಅಂಟಿದ ಮೇಲೆ ಇಲ್ಲ. ಚೆನ್ನಾಗಿರೋ ಕೈ ತಂದು ವಾಸಿ ಮಾಡು ಅಂದ್ರೆ ನಾನೇನು ಮಾಡ್ಲಿ, ಮಗಾ?”

ತನಗೆ ಕತ್ತರಿಸುವ ಮನಸ್ಸಿದೆ, ಅಪ್ಪನ ಜೀವದ ಪ್ರಶ್ನೆ, ಮನಸ್ಸಿಲ್ಲದೆ ಇಷ್ಟು ಅಲೆಯುತ್ತಿದ್ದೆನೇ ಎಂದು ಸಂಕವ್ವ ರೇಗಿದಳು.

“ಹಾಗಾದ್ರೆ ಸುಲಭ,” ಎಂದಳು ಮೂಳೆಯವ್ವ. “ಕೈ ಬಿಚ್ಚಿಕೊಟ್ಟು ನೀನು ಇಲ್ಲೇ ಮಲಗು. ಅದೊಂದೇ ಹೋಗಿ ಕತ್ತರಿಸಿ ಬರುತ್ತೆ. ಕಾಳು ಹಾಕಿದ ಕೈ, ಹಕ್ಕಿ ತಾನಾಗೇ ರೆಕ್ಕೆ ಬಿಚ್ಚುತ್ತೆ.”

ಸಂಕವ್ವ ಕೈ ಚಾಚಿದಳು. ರಕ್ಕಸಿ ಮಣಿಕಟ್ಟು ಹಿಡಿಯುವಷ್ಟರಲ್ಲಿ ಹಿಂದಕ್ಕೆ ಎಳೆದುಕೊಂಡಳು.

“ಬೇಡ,” ಎಂದಳು. “ನನಗೆ ಇಷ್ಟ ಇಲ್ಲ. ಅದರ ರೆಕ್ಕೆ ಕತ್ತರಿಸೋಕೆ ನನಗೆ ಇಷ್ಟ ಇಲ್ಲ.”

ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ನೆಲದ ಮೇಲಿದ್ದ ಚೂರಿ ಎತ್ತಿಕೊಂಡಳು. ಬೆರಳುಗಳು ಒಂದೊಂದಾಗಿ ಮಡಚಿ ಅದನ್ನು ಬಿಗಿಯಾಗಿ ಹಿಡಿದವು. ಗರಿಯ ತುಂಡು ಎದುರಿಗೇ ಇತ್ತು.

“ಇದನ್ನ ಬಾಯಲ್ಲೇ ಮೊದಲು ಹೇಳಿದ್ದಿದ್ರೆ ನನ್ನ ನಿದ್ದೆಯಾದ್ರೂ ಉಳೀತಿತ್ತು,” ಎಂದಳು ಮೂಳೆಯವ್ವ.

ಅಪ್ಪನ ಗತಿಯೇನು ಎಂದು ಸಂಕವ್ವ ಕೇಳಿದಳು. ಆ ಗರಿಗಳು ಜಟಾಂಕನಿಗೆ ಯಾತಕ್ಕೆ ಎಂದು ನಿಮ್ಮಲ್ಲಿ ಒಬ್ಬರಾದರೂ ಕೇಳಿದ್ದೀರಾ ಎಂದು ರಕ್ಕಸಿ ಹಣೆ ಚಚ್ಚಿಕೊಂಡಳು. ಅವನ ಮಾಟವೆಲ್ಲ ಆ ಗರಿಗಳದು. ಒಂದು ಮಾರ್ಗಶಿರದ ಹುಣ್ಣಿಮೆಯಿಂದ ಮುಂದಿನ ಮಾರ್ಗಶಿರದ ಹುಣ್ಣಿಮೆಗೆ ಮಾತ್ರ ಅವುಗಳ ಬಲ. ಹೊಸ ಗರಿ ಸಿಗದಿದ್ದರೆ ಅವನು ಬರೀ ಮುದುಕ. ಕೊಳಕ್ಕೂ ಹಕ್ಕಿಗೂ ಸಂಬಂಧವೇ ಇಲ್ಲ.

ಸಂಕವ್ವ ಕೋಟೆಗೆ ಬರುವಾಗ ಚಂದ್ರ ಇನ್ನೂ ಗೋಡೆಯ ಆಚೆಯೇ ಇದ್ದ. ಅವಳ ಕೈಯಲ್ಲಿ ಚೂರಿ ಅಲುಗದೆ ನಿಂತದ್ದನ್ನು ನೋಡಿ ಜಟಾಂಕ ಮೀಸೆ ತಿರುವಿದ. ಅವಳು ಗೂಡಿನೊಳಗೆ ಹೋಗಿ, ಹಕ್ಕಿಯ ಕಾಲಿಗೆ ಬಿಗಿದಿದ್ದ ಹುರಿಯನ್ನು ಕತ್ತರಿಸಿ, ಬಾಗಿಲು ಪೂರ್ತಿ ತೆಗೆದಳು.

“ಇದೇನಿದು, ಗರಿ ಬಿಟ್ಟು ಹುರಿ ಕತ್ತರಿಸಿದಳಲ್ಲ?” ಎಂದಿತು ಎಡತಲೆ.

“ಮಾತು ಸಾಕು, ರೆಕ್ಕೆ ಆಡಿಸು,” ಎಂದಿತು ಬಲತಲೆ.

ಹಕ್ಕಿ ಹಾರಿತು. ಜಟಾಂಕ ಹಲ್ಲು ಕಡಿದು ದೊಡ್ಡಬೋರನ ಕಡೆಗೆ ಬೆರಳು ಚಾಚಿದ. ದೊಡ್ಡಬೋರ ಮೊಣಕಾಲವರೆಗೆ ಕಲ್ಲಾದ, ಸೊಂಟದವರೆಗೆ ಕಲ್ಲಾದ. ಸಂಕವ್ವ ಓಡಿಹೋಗಿ ಅಪ್ಪನ ಕೈ ಹಿಡಿದುಕೊಂಡಳು. ಎದೆ ಕಲ್ಲಾಯಿತು, ತೋಳು ಕಲ್ಲಾಯಿತು. ಅವಳ ಅಂಗೈಯೊಳಗೆ ಅಪ್ಪನ ಅಂಗೈ ತಣ್ಣಗಾಗತೊಡಗಿತು. ಅವಳು ಬಿಡಲಿಲ್ಲ.

ಚಂದ್ರ ಗೋಡೆ ದಾಟಿದ. ಜಟಾಂಕನ ನಿಲುವಂಗಿಯಿಂದ ಗರಿಗಳು ಉದುರಿದವು. ಉದುರಿ ಮುಗಿದಾಗ ಅಲ್ಲಿ ನಿಂತಿದ್ದವನು ಚಳಿಗೆ ನಡುಗುವ ಒಬ್ಬ ಕುಳ್ಳ ಮುದುಕ. ದೊಡ್ಡಬೋರನ ಅಂಗೈ ಬೆಚ್ಚಗಾಯಿತು. ಸಾಲಿನಲ್ಲಿ ಕಲ್ಲಾಗಿದ್ದವರೆಲ್ಲ ಮತ್ತೆ ಮನುಷ್ಯರಾಗಿ, ಇಷ್ಟು ಹೊತ್ತು ನಿಲ್ಲಿಸಿದ್ದೇಕೆಂದು ಜಗಳ ಶುರುಮಾಡಿದರು.

“ಇಷ್ಟ ಇಲ್ಲ ಅಂತ ಮೊದಲೇ ಹೇಳಬಾರದಿತ್ತೇನೇ?” ಎಂದ ದೊಡ್ಡಬೋರ.

“ನನಗೇ ಗೊತ್ತಿರಲಿಲ್ಲ ಕಣಪ್ಪ.”

ಕೊಳ ಬತ್ತಲಿಲ್ಲ. ವೈದ್ಯ ತನ್ನ ಎಣ್ಣೆ ತಡವಾಗಿ ಇಂಗಿತು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಅರಸ ತಾನೇ ಆಳತೊಡಗಿದ. ಅಂಥ ಕಷ್ಟದ ಕೆಲಸವೇನೂ ಅಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು. ಎಲ್ಲರೂ ನೆಮ್ಮದಿಯಾಗಿದ್ದರು. ಮಳೆಗಾಲ ಕಳೆದ ಮೇಲೆ ಹಕ್ಕಿ ಜೊತೆಗಾರನನ್ನು ಕರೆದುಕೊಂಡು ಬಂದು ಕೊಳದ ದಡದ ಬೂರುಗದ ಮರದಲ್ಲಿ ಗೂಡು ಕಟ್ಟಿತು. ಸಂಕವ್ವ ಹತ್ತಿ ನೋಡಿದಳು. ಮರಿ ಎರಡು. ತಲೆ ನಾಲ್ಕು.