ಗುಡ್ಡಕ್ಕೆ ಮರಳಿದ ಎತ್ತು

ಬೈರಯ್ಯನ ಎತ್ತು ಕಾಣೆಯಾಗಿ ಅಂದಿಗೆ ನಾಲ್ಕನೆಯ ದಿನ. ಹೊಳೆನರಸೀಪುರದ ಆಚೆಗಿನ ಅವನ ಊರಿನಲ್ಲಿ ಆ ವರ್ಷ, ಅಂದರೆ 1967ರಲ್ಲಿ, ಮೊದಲ ಮಳೆ ಚೆನ್ನಾಗಿ ಬಿದ್ದಿತ್ತು. ಊರಿಗೆ ಊರೇ ಆಲೂಗಡ್ಡೆ ಬಿತ್ತನೆಗೆ ಹೊಲ ಉಳುತ್ತಿದ್ದರೆ ಬೈರಯ್ಯ ಮಾತ್ರ ಉಳಿದೊಂದು ಎತ್ತಿನ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಎರವಲು ಕೇಳೋಣವೆಂದರೆ ಎಲ್ಲರ ಎತ್ತುಗಳೂ ಅವರವರ ನೇಗಿಲಿನಲ್ಲೇ ಇದ್ದವು. ಮಣ್ಣಿನ ಹದ ಹೆಚ್ಚೆಂದರೆ ಇನ್ನು ಐದಾರು ದಿನ. ಅಷ್ಟರೊಳಗೆ ಎತ್ತು ಸಿಗದಿದ್ದರೆ ಆ ವರ್ಷ ಅವನಿಗೆ ಬೆಳೆಯೇ ಇಲ್ಲ.

ಸುದ್ದಿ ಕೇಳಿ ಶಾಲೆಯ ಮೇಷ್ಟ್ರು ನಾಗಕುಮಾರ ಬಂದ. ಚನ್ನರಾಯಪಟ್ಟಣದ ಕಡೆಯ ಜೈನರ ಮನೆಯ ಹುಡುಗ, ಇಪ್ಪತ್ತಾರರ ಪ್ರಾಯ. ಬೇಸಿಗೆ ರಜೆಯಲ್ಲಿ ಊರಿಗೆ ಹೋಗದೆ ಉಳಿದಿದ್ದಕ್ಕೆ ಕಾರಣ ಅವನ ಹೊಸ ಮೊಪೆಡ್. ಅದನ್ನು ಓಡಿಸುವುದಕ್ಕೆ ಅವನಿಗೆ ಒಂದು ನೆಪ ಸಿಕ್ಕರೆ ಸಾಕಾಗಿತ್ತು.

"ಎತ್ತು ಕೊಂಡಿದ್ದು ಎಲ್ಲಿ ಬೈರಯ್ಯ?"

"ರಾಮನಾಥಪುರದ ದನದ ಜಾತ್ರೇಲಿ ಸಾ. ದಲ್ಲಾಳಿ ಟವಲ್ ಅಡೀಲಿ ಬೆರಳಿಡಿದು ಯಾಪಾರ ಮುಗಿಸ್ಬುಟ್ಟ. ಮಾರಿದೋನು ಮಲ್ಲಿಪಟ್ಟಣದ ಮೇಲ್ಗಡೆ ಗುಡ್ಡದೋನಂತೆ. ಊರೆಸ್ರು ಕೇಳ್ನಿಲ್ಲ."

"ಎತ್ತಿನ ಹೆಸರು?"

"ಅದ್ನೂ ಕೇಳ್ನಿಲ್ಲ. ಕರಿಯ ಅಂತ ನಾನೇ ಕರೀತಿದ್ದೆ. ಒಂದಿನಾನೂ ತಿರುಗಿ ನೋಡ್ನಿಲ್ಲ ಕಣ್ ಸಾ."

"ಹಾಗಾದರೆ ಅದು ಹಳೇ ಮನೆಗೇ ಹೋಗಿದೆ. ಹತ್ತು ಗಾಡಿ, ಹುಡುಕೋಣ."

ಬೈರಯ್ಯನ ಹೆಂಡತಿ ಮಾದಮ್ಮ ರೊಟ್ಟಿ ಕಟ್ಟಿಕೊಡುತ್ತ ನಕ್ಕಳು. "ನೀವು ಜೈನ್ರು, ಆಲೂಗಡ್ಡೆ ಮುಟ್ಟೋರಲ್ಲ, ನಮ್ ಆಲೂಗಡ್ಡೆಗೋಸ್ಕರ ಗುಡ್ಡ ಹತ್ತುತಾ ಇದೀರಲ್ಲ ಮೇಷ್ಟ್ರೆ!"

"ತಿನ್ನಲ್ಲ ಅಂದೆ, ಬೆಳೀಬೇಡಿ ಅಂದೆನಾ?" ಎಂದು ನಾಗಕುಮಾರ ಪೆಡಲು ತುಳಿದ. ಬಡಪಾಯಿ ಮೊಪೆಡ್ ಇಬ್ಬರನ್ನೂ ಹೊತ್ತು ಕೆಮ್ಮುತ್ತ ಹೊರಟಿತು.

ಅರಕಲಗೂಡಿನವರೆಗೆ ದಾರಿ ಸಲೀಸು. ಅಲ್ಲಿ ಪೆಟ್ರೋಲು ತುಂಬಿಸಿಕೊಂಡು ಮಲ್ಲಿಪಟ್ಟಣ ದಾಟಿದ ಮೇಲೆ ರಸ್ತೆ ಗಾಡಿ ಜಾಡಾಯಿತು, ಜಾಡು ಕಾಲುದಾರಿಯಾಯಿತು. ಒಂದರ ಹಿಂದೊಂದು ಗುಡ್ಡ. ಮಳೆ ಬಿದ್ದು ಆಗಷ್ಟೇ ಹಸಿರೊಡೆದ ಹುಲ್ಲು, ನಡುನಡುವೆ ಬಿದಿರುಮೆಳೆ, ಮೊಣಕಾಲೆತ್ತರದ ಕಲ್ಲುಗಳು. ಇಳಿಜಾರಿನಲ್ಲಿ ಎಂಟು ಹತ್ತು ಮನೆಗಳ ಹಳ್ಳಿಗಳು ಕಣಿವೆಯ ಕಡೆ ಮುಖಮಾಡಿ ಕೂತಿದ್ದವು. ಎಷ್ಟು ಸದ್ದಿಲ್ಲದ ಊರುಗಳೆಂದರೆ, ಒಂದು ಮನೆಯಲ್ಲಿ ರಾಗಿ ಬೀಸಿದರೆ ಊರ ಕೊನೆಯ ಮನೆಗೆ ಕೇಳುತ್ತಿತ್ತು. ಅಂಥ ಕಡೆ ಪಟಪಟ ಎನ್ನುತ್ತ ಮೊಪೆಡ್ ನುಗ್ಗಿದರೆ ಕೋಳಿಗಳು ಹಿತ್ತಲಿಗೆ, ನಾಯಿಗಳು ಬೀದಿಗೆ ಓಡಿಬರುತ್ತಿದ್ದವು.

ಏರಿನಲ್ಲಿ ಬೈರಯ್ಯ ಇಳಿದು ತಳ್ಳುವುದು, ಇಳಿಜಾರಿನಲ್ಲಿ ಹತ್ತಿ ಕಣ್ಣುಮುಚ್ಚಿಕೊಳ್ಳುವುದು, ಹೀಗೆ ಮೊದಲ ದಿನ ನಾಲ್ಕು ಹಳ್ಳಿ ಮುಗಿದವು. "ಬಲಗಿವಿ ಸೀಳಿರೋ ಕರೀ ಎತ್ತು" ಎಂದು ಕೇಳಿದಲ್ಲೆಲ್ಲ ಮಜ್ಜಿಗೆ ಸಿಕ್ಕಿತು, ಎತ್ತು ಸಿಗಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಪಾದ ಮುಳುಗುವಷ್ಟು ನೀರಿದ್ದ ಒಂದು ಹಳ್ಳ ದಾಟಿ ಕಡಿದಾದ ಗುಡ್ಡಕ್ಕೆ ತಿರುಗಿದರು. ಅರ್ಧ ಏರಿದಾಗ ನಾಗಕುಮಾರನ ಹಿಡಿತ ತಪ್ಪಿತು.

ಮೊಪೆಡ್ ಹಿಂದಕ್ಕೆ ಜಾರಿತು.

"ಬ್ರೇಕು!" ಬೈರಯ್ಯ ಕೂಗಿದ.

"ಹಿಡಿದೇ ಇದೀನಯ್ಯಾ!"

ಬೈರಯ್ಯ ಹಿಂದಿನ ಚಕ್ರಕ್ಕೆ ಬೆನ್ನುಕೊಟ್ಟು, ಕಾಲನ್ನು ಬಂಡೆಗೆ ಒತ್ತಿ ನಿಂತ. ಎಡಕ್ಕೆ ಮೂವತ್ತಡಿ ಕೊರಕಲು. ಇಬ್ಬರೂ ಏದುಸಿರು ಬಿಡುತ್ತ ಮೊಪೆಡನ್ನು ಒಂದೊಂದೇ ಗೇಣು ಮೇಲಕ್ಕೆ ತಳ್ಳಿದರು. ಗುಡ್ಡದ ತಲೆ ಮುಟ್ಟಿದಾಗ ಬೈರಯ್ಯನ ಅಂಗಿಯ ಬೆನ್ನು ಹರಿದುಹೋಗಿತ್ತು.

ಅಲ್ಲಿ ಆರು ಮನೆಗಳ ಊರು. ಮೂರನೆಯ ಮನೆಯ ಕೊಟ್ಟಿಗೆಯಲ್ಲಿ ಬಲಗಿವಿ ಸೀಳಿದ ಕರಿಯೆತ್ತು ನೆಮ್ಮದಿಯಾಗಿ ಮೆಲುಕು ಹಾಕುತ್ತ ಮಲಗಿತ್ತು.

ಮನೆಯಾಕೆ ಹೊರಗೆ ಬಂದಳು. ಐವತ್ತು ದಾಟಿದ ಒಂಟಿ ಹೆಂಗಸು, ಹೆಸರು ಮಲ್ಲಿಗಮ್ಮ. ಎತ್ತನ್ನೇ ನೋಡುತ್ತ ನಿಂತಿದ್ದ ಬೈರಯ್ಯನನ್ನು ಕಂಡೊಡನೆ ಅವಳಿಗೆ ಎಲ್ಲ ಗೊತ್ತಾಯಿತು.

"ನಿಮ್ದಾ ಎತ್ತು?" ಎಂದಳು.

ಬೈರಯ್ಯ ಹೌದೆಂದು ತಲೆಯಾಡಿಸಿದ.

"ಮೂರು ದಿನದ ಇಂದೆ ಬೆಳಗ್ಗೆ ಎದ್ದು ನೋಡ್ತೀನಿ, ಬಾಗ್ಲಲ್ಲಿ ನಿಂತವ್ನೆ. ಕಾಲೆಲ್ಲ ರಕ್ತ. ನನ್ ಮೈದುನ ಸಣ್ಣಯ್ಯ ಮಾರಿದ್ದು. ಯಾರಿಗೆ ಅಂತ ಅವನ್ಗೂ ಗೊತ್ತಿಲ್ಲ, ದಲ್ಲಾಳೀನೆ ಎಲ್ಲಾ ಮಾಡಿದ್ದು. ಇಚಾರಿಸ್ಬೌದಿತ್ತು. ಸುಳ್ಯಾಕೆ ಯೋಳ್ಲಿ, ನಾನೇ ಇಚಾರಿಸ್ನಿಲ್ಲ."

ಗಂಡ ತೀರಿಕೊಂಡ ಮೇಲೆ ಅವಳ ಹೊಲ ಉಳುವವರಿರಲಿಲ್ಲ. ಮಾರುವುದಕ್ಕೆ ಒಪ್ಪಿದ್ದವಳೂ ಅವಳೇ. ಆದರೆ ಮಗಳ ಬಾಣಂತನಕ್ಕೆ ಅವಳು ಹೋಗಿದ್ದಾಗ ಸಣ್ಣಯ್ಯ ಎತ್ತನ್ನು ಹೊಡೆದುಕೊಂಡು ಹೋಗಿಬಿಟ್ಟಿದ್ದ. ಅವರ ಮನೆಯಲ್ಲಿ ದನ ಮಾರಿದರೆ ಮನೆಯ ಹೆಂಗಸು ಅದರ ಕಾಲು ತೊಳೆದು, ಅರಿಶಿನ ಕುಂಕುಮವಿಟ್ಟು, ಬೆಲ್ಲದನ್ನ ತಿನ್ನಿಸಿ, ಹಗ್ಗವನ್ನು ಸೆರಗಿನಲ್ಲಿ ಹಿಡಿದು ಕೊಂಡವರ ಕೈಗೆ ಕೊಡಬೇಕು. ಅದೊಂದೂ ಆಗಿರಲಿಲ್ಲ.

"ನಾ ಕಳಿಸ್ದೇ ಅವ್ನು ಎಂಗೆ ಓಗ್ತಾನೆ? ಅದ್ಕೇ ಬಂದವ್ನೆ," ಎಂದಳು ಮಲ್ಲಿಗಮ್ಮ. "ಬೆಳಗ್ಗೆ ಕಳಿಸ್ಕೊಡ್ತೀನಿ. ಈಗ ಉಣ್ಣೋಕೇಳಿ."

ಜೈನರ ಮನೆಯ ಮೇಷ್ಟ್ರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲವೆಂದು ತಿಳಿದು ಅವಳು ಒಲೆಗೆ ಒಂದರ ಮೇಲೊಂದು ಸೌದೆ ತುರುಕಿದಳು. ಬಿಸಿಲು ಎದುರುಗುಡ್ಡ ಬಿಡುವುದರೊಳಗೆ ಅನ್ನ, ಹುರುಳಿಸಾರು ಎಲೆಗೆ ಬಿತ್ತು. ಬೈರಯ್ಯ ಮಾತ್ರ ಕೊಟ್ಟಿಗೆಯ ಕಡೆಗೇ ನೋಡುತ್ತ ಉಂಡ. ಎತ್ತು ಸಿಕ್ಕಿದ್ದಕ್ಕೆ ಸಂತೋಷಪಡಬೇಕೋ, ಈಕೆಯಿಂದ ಅದನ್ನು ಬಿಡಿಸಿಕೊಂಡು ಹೋಗುವುದಕ್ಕೆ ನಾಚಬೇಕೋ ಅವನಿಗೆ ತಿಳಿಯಲಿಲ್ಲ.

ಬೆಳಗ್ಗೆ ಎಲ್ಲ ಪದ್ಧತಿಯಂತೆ ನಡೆಯಿತು. ಬೈರಯ್ಯ ಹಗ್ಗ ತೆಗೆದುಕೊಂಡು, "ಇದ್ರೆಸ್ರೇನವ್ವ?" ಎಂದು ಕೇಳಿದ.

"ಮಂಜ."

ಎತ್ತು ಊರ ಮುಂದಿನ ಹುಣಸೆಮರದವರೆಗೆ ಬಂತು. ಅಲ್ಲಿ ನಾಲ್ಕು ಕಾಲನ್ನೂ ಊರಿ ನಿಂತುಬಿಟ್ಟಿತು. ಬೈರಯ್ಯ ಎಳೆದ, ನಾಗಕುಮಾರ ಹಿಂದಿನಿಂದ ತಳ್ಳಿದ. ಬಂಡೆಯಾದರೂ ಅಲುಗಾಡೀತು, ಮಂಜ ಅಲುಗಾಡಲಿಲ್ಲ.

ಮಲ್ಲಿಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಾ ಮುಂದೆ ಓದ್ರೆ ಇಂದೆ ಬತ್ತಾನೆ. ನಿಮ್ಮೂರ್ಗಂಟ ಬತ್ತೀನಿ ನಡೀರಿ. ಆದ್ರೆ ಅಷ್ಟು ದೂರ ನನ್ ಮಂಡಿ ಬರಾಕಿಲ್ಲ."

"ಗಾಡಿ ಮೇಲೆ ಕೂತ್ಕೊಳ್ಳಿ," ಎಂದ ನಾಗಕುಮಾರ.

"ಅಯ್ಯೋ, ಈ ಪಟಪಟಿ ಮ್ಯಾಲಾ? ಬಿದ್ರೆ?"

"ಬಿದ್ದರೆ ಇಬ್ಬರೂ ಒಟ್ಟಿಗೇ ಬೀಳೋಣ ಬನ್ನಿ."

ಆರು ಮನೆಯವರೂ ಬಾಗಿಲಲ್ಲಿ ನಿಂತು ನೋಡುತ್ತಿರುವಂತೆ ಮಲ್ಲಿಗಮ್ಮ ಒಂದು ಕಡೆಗೆ ಕಾಲಿಳಿಬಿಟ್ಟು, ಮೇಷ್ಟ್ರ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ಮೊಪೆಡ್ ಮೇಲೆ ಕೂತಳು. "ಬಾ ಮಂಜ, ಬಾ ನನ್ನಪ್ಪ" ಎಂದು ಅವಳು ಹಿಂದಿರುಗಿ ಕರೆದರೆ ಎತ್ತು ಮೊಪೆಡ್ಡಿನ ಹೊಗೆ ಕುಡಿಯುತ್ತ ಹಿಂದೆಯೇ ನಡೆಯಿತು. ಹಗ್ಗ ಹಿಡಿದ ಬೈರಯ್ಯ ಅದರ ಪಕ್ಕದಲ್ಲಿ ಓಡುನಡಿಗೆ ಹಾಕಿದ.

ಗುಡ್ಡ ಇಳಿದು ಹಳ್ಳದ ದಡಕ್ಕೆ ಬಂದಾಗ ಮೂವರೂ ಬೆಚ್ಚಿದರು. ಮೇಲೆಲ್ಲೋ ಮಳೆಯಾಗಿತ್ತು. ನಿನ್ನೆ ಪಾದವಷ್ಟೇ ಮುಳುಗುತ್ತಿದ್ದ ಹಳ್ಳ ಇಂದು ಕೆಂಪಗೆ, ಸೊಂಟದ ಮಟ್ಟಕ್ಕೆ ಹರಿಯುತ್ತಿತ್ತು.

"ನೀರು ಇಳಿಯೋವರೆಗೂ ಕಾಯೋಣ," ಎಂದ ನಾಗಕುಮಾರ.

ಬೈರಯ್ಯ ಮೋಡ ನೋಡಿದ. "ಕಾದ್ರೆ ಇನ್ನೂ ಏರ್ತದೆ ಸಾ. ಮಣ್ಣಿನ್ ಅದ ಓಯ್ತದೆ. ಎತ್ತು ನಾನು ಮೊದ್ಲು ದಾಟ್ತೀವಿ."

ಅವನು ನೀರಿಗಿಳಿದ. ಮಲ್ಲಿಗಮ್ಮ "ಓಗಪ್ಪ" ಎಂದು ಬೆನ್ನು ತಟ್ಟಿದ ಮೇಲೆ ಮಂಜನೂ ಇಳಿಯಿತು.

ನಡು ಹಳ್ಳ. ಬೈರಯ್ಯನ ಕಾಲಡಿಯ ಕಲ್ಲು ಉರುಳಿತು.

ಅವನು ಮುಳುಗಿದ. ಹಗ್ಗ ಕೈಬಿಟ್ಟಿತು. ಟವಲು ತೇಲಿಹೋಯಿತು.

"ಬಾಲ! ಬಾಲ ಇಡ್ಕಳಿ!" ಮಲ್ಲಿಗಮ್ಮ ಕಿರುಚಿದಳು.

ನೀರಿನಿಂದ ಒಂದು ಕೈ ಮೇಲೆದ್ದು ಬಾಲಕ್ಕೆ ಸಿಕ್ಕಿಕೊಂಡಿತು. ಮಂಜ ಕತ್ತು ಮುಂದಕ್ಕೆ ಚಾಚಿ, ಬುಸುಗುಡುತ್ತ ಸೆಳೆತಕ್ಕೆ ಎದೆಕೊಟ್ಟಿತು. ಒಂದು ಸಲ ಹಿಂಗಾಲು ಜಾರಿತು. ಮತ್ತೆ ಊರಿತು. ಬೈರಯ್ಯನನ್ನು ಎಳೆದುಕೊಂಡೇ ಆಚೆ ದಡ ಹತ್ತಿತು.

ಬೈರಯ್ಯ ಕೆಮ್ಮಿ ಕೆಮ್ಮಿ ನೀರು ಕಕ್ಕಿ, ಎದ್ದು ಎತ್ತಿನ ಕೊರಳು ತಬ್ಬಿಕೊಂಡ. ಮಂಜ ಈಚೆ ದಡದತ್ತ ತಿರುಗಿ ಅಂಬಾ ಎಂದಿತು.

"ನೀವೂ ಬನ್ನಿ, ಕೈ ಹಿಡ್ಕೋತೀನಿ," ಎಂದು ನಾಗಕುಮಾರ ಕೈ ನೀಡಿದ.

ಮಲ್ಲಿಗಮ್ಮ ನೀರಿಗಿಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದಳು. "ಬ್ಯಾಡಿ ಮೇಷ್ಟ್ರೆ. ನಾ ಅಲ್ಲೀಗಂಟ ಬಂದ್ರೆ, ವಾಪಸ್ ಬರುವಾಗ್ಲೂ ನನ್ ಇಂದೇ ಬತ್ತಾನೆ. ಈಗ ಅವರಿಬ್ರೂ ಒಟ್ಗೇ ನೀರು ದಾಟವ್ರೆ. ಇಲ್ಲಿಂದ್ಲೇ ಓಗ್ಲಿ."

ಆಮೇಲೆ ಬಾಯಿಗೆ ಕೈಯಡ್ಡ ಇಟ್ಟು ಕೂಗಿದಳು. "ಅಗ್ಗ ಎಳೀಬ್ಯಾಡಿ! ಎಸ್ರಿಡಿದು ಕರೀರಿ!"

ಎಂದವಳೇ ಹಳ್ಳಕ್ಕೆ ಬೆನ್ನು ತಿರುಗಿಸಿ ನಿಂತುಬಿಟ್ಟಳು. ಅವಳ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಏನ್ ಮಾಡ್ತಾವ್ನೆ?"

"ಇಲ್ಲಿಗೇ ನೋಡ್ತಾ ನಿಂತಿದೆ."

"ಈಗ?"

"ಬೈರಯ್ಯ ಕರೀತಿದ್ದಾನೆ. ಕಿವಿ ಆಡಿಸಿತು."

"ಈಗ?"

ನಾಗಕುಮಾರ ಕತ್ತು ಚಾಚಿ ನೋಡಿದ. "ಹೊರಟಿತು ಅಮ್ಮ. ಬೈರಯ್ಯ ಮುಂದೆ, ಅದು ಹಿಂದೆ."

ಮಲ್ಲಿಗಮ್ಮ ಆಗಲೂ ತಿರುಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ನಡೀರಿ, ನೀವು ಒತ್ತು ಮುಳುಗೋದ್ರೊಳ್ಗೆ ಉಣ್ಬೇಕಲ್ಲ" ಎಂದಳು.

ನೀರು ಇಳಿದು ಮೊಪೆಡ್ ದಾಟಿಸುವ ಹೊತ್ತಿಗೆ ಮಾರನೆಯ ದಿನದ ಮಧ್ಯಾಹ್ನವಾಯಿತು. ದಾರಿಯಲ್ಲಿ ಚೈನು ಎರಡು ಸಲ ಕಳಚಿತು. ನಾಗಕುಮಾರ ಅರಕಲಗೂಡಿನಲ್ಲಿ ತಂಗಿ, ಹೊರಟ ಐದನೆಯ ದಿನ ಬೆಳಗ್ಗೆ ಮೈತುಂಬ ಕೆಸರು ಮೆತ್ತಿಕೊಂಡು ಬೈರಯ್ಯನ ಹೊಲದ ಬದುವಿಗೆ ಬಂದು ಕುಸಿದು ಕೂತ.

ಅರ್ಧ ಹೊಲ ಆಗಲೇ ಉತ್ತಾಗಿತ್ತು. ಹಿಂದಿನ ರಾತ್ರಿ ಮನೆ ಮುಟ್ಟಿದ ಬೈರಯ್ಯ ಒಂದು ಗಳಿಗೆಯನ್ನೂ ಕಳೆದಿರಲಿಲ್ಲ. ಮಾದಮ್ಮ ಬುಟ್ಟಿ ಹೊತ್ತು ಹಿಂದಿನಿಂದ ಬಿತ್ತನೆಗಡ್ಡೆ ಇಡುತ್ತ ಬರುತ್ತಿದ್ದಳು. ಮೇಷ್ಟ್ರನ್ನು ನೋಡಿ ಇಬ್ಬರ ಮುಖವೂ ಅರಳಿತು.

ನೇಗಿಲು ಹೊಲದ ಪಡುವಣ ತುದಿಗೆ ಹೋದಾಗಲೆಲ್ಲ ಮಂಜ ತಾನಾಗಿ ನಿಲ್ಲುತ್ತಿತ್ತು. ತಲೆಯೆತ್ತಿ ದೂರದ ಗುಡ್ಡಗಳ ಕಡೆ ನೋಡುತ್ತಿತ್ತು. ಬೈರಯ್ಯ ಬಾರುಕೋಲು ಎತ್ತುತ್ತಿರಲಿಲ್ಲ, ಗದರುತ್ತಲೂ ಇರಲಿಲ್ಲ.

"ಹೀಗೆ ನಿಂತರೆ ಇವತ್ತಿಗೆ ಮುಗಿಯುತ್ತಾ ಬೈರಯ್ಯ?" ಎಂದು ನಾಗಕುಮಾರ ಬದುವಿನಿಂದಲೇ ಕೇಳಿದ.

"ನೋಡ್ಕೊಳ್ಲಿ ಬುಡಿ ಸಾ. ಅವನ್ಗೂ ಒಬ್ರು ಅವ್ರೆ ಅಲ್ಲಿ," ಎಂದ ಬೈರಯ್ಯ.

ಸ್ವಲ್ಪ ಹೊತ್ತು ಬಿಟ್ಟು ಅವನು ಮೆಲ್ಲಗೆ "ಮಂಜಾ" ಎಂದು ಕರೆದ. ಎತ್ತು ತಿರುಗಿತು.