ಸೈಲೆನ್ಸರಿನ ಹಿಂದಿನ ನಾಲ್ಕಡಿ

ಬೆಳಿಗ್ಗೆ ಏಳಕ್ಕೆ ಲಾಂಡ್ರಿಯ ಅಂಗಳದಲ್ಲಿ ಪಿಕಪ್ಪಿನ ಎಂಜಿನ್ ಓಡುತ್ತಲೇ ಇತ್ತು. ಚಳಿಗೆ ಗಾಜು ಏರಿಸಿಕೊಂಡು ಬಟ್ಟೆಗಂಟುಗಳಿಗೆ ಕಾಯುತ್ತಿದ್ದ ಲಾಂಡ್ರಿಯ ಒಡತಿ ಸ್ಟೀರಿಂಗಿನ ಮೇಲೆ ತಲೆಯಿಟ್ಟಿದ್ದಳು. ಇಸ್ತ್ರಿಯವನು ಗಾಜು ತಟ್ಟಿದ. ಏಳಲಿಲ್ಲ. ಗಾಜು ಒಡೆದ. ಹೊಗೆ ಮುಖಕ್ಕೆ ರಾಚಿತು.

ಉಸಿರಿತ್ತು, ಅಷ್ಟೇ. ಆಸ್ಪತ್ರೆಗೆ ಸಾಗಿಸಿದರು.

ಮಾರನೆಯ ದಿನ ವಿಮಾ ಕಂಪನಿಯ ಸರ್ವೇಯರಮ್ಮ ಬಂದಳು. ಇಪ್ಪತ್ತೆರಡು ವರ್ಷ ಗಾಡಿಗಳ ಅಡಿಯಲ್ಲಿ ತೂರಿ ಸೊಂಟ ಸವೆಸಿಕೊಂಡವಳು. ಗಾಡಿಗಳ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಗಾಡಿಯವರನ್ನು ಕಂಡರೆ ಮೈ ಉರಿಯುತ್ತಿತ್ತು. ಅವಳ ವರದಿ ಸಂಜೆಯೊಳಗೆ ಪೊಲೀಸರಿಗೆ ಹೋಗಬೇಕು. ಹೋದರೆ ಈ ಗಾಡಿಗೆ ಹೊಸ ಸೈಲೆನ್ಸರ್, ಪೈಪ್ ಹಾಕಿದ್ದ ಗ್ಯಾರೇಜಿನ ವೆಲ್ಡರ್ ಜೈಲು ಸೇರಿದಂತೆಯೇ ಎಂದು ಎಲ್ಲರೂ ಆಗಲೇ ತೀರ್ಪು ಕೊಟ್ಟಾಗಿತ್ತು.

ರಟ್ಟು ಹಾಸಿಕೊಂಡು ಪಿಕಪ್ಪಿನ ಅಡಿಗೆ ಜಾರಿದಳು. ಸೈಲೆನ್ಸರ್ ಹೊಸದು, ದೊಡ್ಡದು. ಅದರ ಹಿಂದೆ ಗೇಣುದ್ದದ ಪೈಪಿನ ಮೋಟು. ಆಮೇಲೆ ಪೈಪೇ ಇಲ್ಲ! ಹೊಗೆಯೆಲ್ಲ ಕ್ಯಾಬಿನ್ನಿನ ಬುಡಕ್ಕೇ.

"ನೋಡಿದ್ರಾ ಮೇಡಂ?" ಮೇಲಿನಿಂದ ಒಡತಿಯ ತಮ್ಮನ ದನಿ. "ಅರ್ಧ ಪೈಪ್ ಹಾಕಿ ಕೈತೊಳ್ಕೊಂಡಿದಾನೆ. ನಮ್ಮಕ್ಕನ ಜೀವ ತೆಗೆಯೋನು!"

ತಮ್ಮನ ಮೈಯಿಂದ ಸೆಂಟಿನ ವಾಸನೆ ಗಾಡಿಯಡಿಗೂ ಇಳಿದಿತ್ತು. ಅಕ್ಕ ಆಸ್ಪತ್ರೆಯಲ್ಲಿ, ಇವನಿಗೆ ಸೆಂಟು. ಸರ್ವೇಯರಮ್ಮ ಮೂಗು ಮುಚ್ಚಿಕೊಂಡು ಹೊರಗೆ ತೂರಿದಳು.

ಗ್ಯಾರೇಜ್ ಮಾಲೀಕ ಅಂಗಳದ ಬಾಗಿಲಲ್ಲೇ ನಿಂತಿದ್ದ. "ಪೈಪ್ ಹಾಕಿದ ದಿನ ನಾನು ಊರಲ್ಲೇ ಇರ್ಲಿಲ್ಲ ಮೇಡಂ. ಆ ವೆಲ್ಡರನ್ನ ನಿನ್ನೇನೇ ಕೆಲಸದಿಂದ ತೆಗೆದೆ."

"ವಿಚಾರಿಸದೇನೇ?"

"ಹೆಸರು ಕೆಡುತ್ತಲ್ಲ…"

ಹದಿನಾಲ್ಕು ವರ್ಷ ದುಡಿಸಿಕೊಂಡ ಬಾಯಿ ಇದು. ಥೂ!

ವೆಲ್ಡರ್ ಗೋಡೆಗೆ ಒರಗಿದ್ದ. ರಾತ್ರಿಯಿಡೀ ನಿದ್ದೆ ಮಾಡದ ಕಣ್ಣು.

"ಪೈಪ್ ಎಲ್ಲೀತನಕ ಹಾಕಿದ್ರಿ?"

"ಬಂಪರ್‌ತನಕ ಮೇಡಂ. ಗೇರಿನ ಬುಡದ ರಬ್ಬರ್ ಹರಿದಿದೆ, ಹೊಗೆ ಒಳಗೆ ಬರ್ಬಾರ್ದು ಅಂತ ಅಕ್ಕನೇ ಹೇಳಿದ್ರು. ಆಸ್ಪತ್ರೆ ಓಣೀಲಿ ಓಡಾಡೋ ಗಾಡಿ ಅಂತ ಸದ್ದು ಕಮ್ಮಿ ಇರೋ ದೊಡ್ಡ ಸೈಲೆನ್ಸರ್ ಆರಿಸಿದ್ರು. ಈ ತಮ್ಮ ಚಿಕ್ಕದೇ ಬೇಕು, ಗುಡುಗಬೇಕು ಅಂತ ಜಗಳ ಆಡಿದ್ರು."

"ನಾನಾ? ತಮಾಷೆಗೆ ಅಂದಿದ್ದು!" ತಮ್ಮ ಸಿಡುಕಿದ.

ಸರ್ವೇಯರಮ್ಮ ಹಿಂದಿನ ಬಂಪರಿನ ಹತ್ತಿರ ಕೂತಳು. ಅಚ್ಚ ಬಿಳಿ ಬಣ್ಣ. "ಇದು ಯಾವಾಗ ಹೊಡೆಸಿದ್ದು?"

"ಪೈಪ್ ಹಾಕಿದ ದಿನಾನೇ," ಎಂದ ತಮ್ಮ. "ಆಮೇಲೆ ಎರಡು ದಿನ ಅಕ್ಕ ಓಡಿಸಿದ್ಲು. ಮೂರನೇ ಬೆಳಿಗ್ಗೆ ಹಿಂಗಾಯ್ತು."

ಬಂಪರಿನ ಒಳಮೂಲೆಯಲ್ಲಿ ಅಂಗೈಯಗಲ ಮಸಿ. ಬೆರಳಿಂದ ಒರೆಸಿ ಮೂವರಿಗೂ ತೋರಿಸಿದಳು.

"ಹೊಸ ಬಣ್ಣದ ಮೇಲೆ ಹೊಗೆ ಮಸಿ. ಮೋಟಿಗೂ ಬಂಪರಿಗೂ ನಾಲ್ಕಡಿ ದೂರ. ಅಂದ್ರೆ ಪೈಪ್ ಇಲ್ಲೀತನಕ ಬಂದಿತ್ತು. ಎರಡು ದಿನ ಓಡಿದ ಮೇಲೆ ಯಾರೋ ಕತ್ತರಿಸಿದಾರೆ."

"ಈ ವೆಲ್ಡರೇ ಬಂದು—" ತಮ್ಮ ಬಾಯಿ ಹಾಕಿದ.

"ತಾಳಿ. ಗ್ಯಾರೇಜಲ್ಲಿ ಕಟಿಂಗ್ ಮಷಿನ್ ಇದೆ, ಗಾಡಿ ಎತ್ತೋ ಲಿಫ್ಟ್ ಇದೆ. ಅಲ್ಲಿ ಕತ್ತರಿಸಿದ್ರೆ ಅಂಚು ಸುತ್ತಲೂ ಒಂದೇ ಸಮ ಇರುತ್ತೆ. ಇಲ್ಲಿ ಕೆಳಗಿನರ್ಧ ಗರಗಸದ ಗೀರು, ಮೇಲಿನರ್ಧ ತಿರುಚಿ ಕಿತ್ತಿದ್ದು. ನೆಲದ ಮೇಲೆ ಅಂಗಾತ ಮಲಗಿ, ಗರಗಸ ಆಡಿಸೋಕೆ ಜಾಗ ಸಾಲದೆ, ಕೊನೆಗೆ ಜಗ್ಗಿ ಮುರಿದಿದಾರೆ. ಗಾಡಿ ಈ ಅಂಗಳದಲ್ಲೇ ನಿಂತಿತ್ತಲ್ವಾ?"

ಅವಳು ಅಂಗಳದ ಮೂಲೆಗೆ ನಡೆದಳು. ಅಲ್ಲಿ ತಮ್ಮನ ಬೈಕಿಗೆ ಟಾರ್ಪಾಲಿನ ಚಪ್ಪರ. ಆಸರೆಗೆ ಮೂರು ಮರದ ಕೋಲು, ನಾಲ್ಕನೆಯದು ಪೈಪು. ನಡುವೆ ಒಂಟೆಯ ಬೆನ್ನಿನಂತೆ ಉಬ್ಬು. ಒಳಗೆ ಬರುವಾಗಲೇ ಕಣ್ಣಿಗೆ ಬಿದ್ದಿತ್ತು. ಆಗ ತಲೆಗೆ ಹೋಗಿರಲಿಲ್ಲ.

"ಚಪ್ಪರಕ್ಕೆ ನೆಟ್ಟಗಿನ ಕೋಲು ಬೇಕು. ಇದ್ಯಾಕೆ ಡೊಂಕು?"

ವೆಲ್ಡರ್ ಮುಂದೆ ಬಂದು ಉಬ್ಬಿನ ಮೇಲೆ ಕೈಯಿಟ್ಟ. "ಹಿಂದಿನ ಚಕ್ರಗಳ ಆಕ್ಸಲ್ ಮೇಲೆ ಹಾಯ್ಲಿ ಅಂತ ನಾನೇ ಬಗ್ಗಿಸಿದ್ದು, ಮೇಡಂ."

ಪೈಪನ್ನು ಕಿತ್ತು ತಂದು ತುದಿಯನ್ನು ಮೋಟಿಗೆ ಹಿಡಿದರು. ಗೀರಿಗೆ ಗೀರು, ಹರಿದ ಅಂಚಿಗೆ ಹರಿದ ಅಂಚು ಕೂತಿತು.

ತಮ್ಮ ಒಂದು ಹೆಜ್ಜೆ ಹಿಂದೆ ಸರಿದ. "ಹಿಂದಿನ ಪೈಪ್ ತೆಗೆದ್ರೆ ಸದ್ದು ಗಡಸಾಗುತ್ತೆ ಅಂತ… ಭಾನುವಾರ ಈ ಗಾಡೀಲೇ ಫ್ರೆಂಡ್ಸ್ ಜೊತೆ ಹೋಗ್ಬೇಕಿತ್ತು. ಹೊಗೆ ಒಳಗೆ ಬರುತ್ತೆ ಅಂತ ಹೊಳೀಲಿಲ್ಲ ಮೇಡಂ."

"ಅದು ಹೊಳೀಲಿಲ್ಲ. ಇವನ ತಲೆಗೆ ಕಟ್ಟೋದು ಮಾತ್ರ ಹೊಳೀತು!"

"ಅಕ್ಕನಿಗೆ ಹೇಳ್ಬೇಡಿ…"

"ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಬಂದೆ. ನಿಮ್ಮಕ್ಕನಿಗೆ ಎಚ್ಚರ ಆಗಿದೆ. ಗಾಡಿ ಸ್ಟಾರ್ಟ್ ಮಾಡಿದಾಗಲೇ ಸದ್ದು ಬೇರೆ ಆಗಿದ್ದು ಗೊತ್ತಾಯ್ತಂತೆ, ಬಟ್ಟೆ ತಲುಪಿಸಿ ಬಂದು ಕೇಳೋಣ ಅಂತ ಕೂತ್ರಂತೆ. ಯಾರ ಕೆಲಸ ಅಂತಾನೂ ಗೊತ್ತಾಯ್ತಂತೆ, ಹೆಸರು ಮಾತ್ರ ಬಾಯಿ ಬಿಡ್ಲಿಲ್ಲ. ನನ್ನ ಕೈ ಹಿಡ್ಕೊಂಡು ಏನಂದ್ರು ಗೊತ್ತಾ? 'ಪೈಪ್ ನಾನೇ ಕತ್ತರಿಸಿದೆ ಅಂತ ಬರ್ಕೊಳ್ಳಿ ಮೇಡಂ.'"

ತಮ್ಮನ ಮುಖಕ್ಕೆ ರಕ್ತ ಮರಳಿತು. ಕಣ್ಣಲ್ಲಿ ಆಸೆ ಮಿನುಗಿತು. "ಹಾಗಾದ್ರೆ… ಹಾಗೇ ಬರ್ಕೋಬಹುದಲ್ವಾ?"

ಇಷ್ಟು ವರ್ಷಗಳಲ್ಲಿ ಅವಳು ಎಂಥೆಂಥ ಕೊಳೆಯನ್ನೋ ಮುಟ್ಟಿದ್ದಳು. ಇಷ್ಟು ಹೇಸಿಗೆ ಎಂದೂ ಆಗಿರಲಿಲ್ಲ. ನಲ್ಲಿಗೆ ಹೋಗಿ ಕೈ ತೊಳೆದಳು. ಬಂದು ವರದಿ ತೆರೆದು, ತಪ್ಪಿತಸ್ಥನ ಜಾಗದಲ್ಲಿ ತಮ್ಮನ ಹೆಸರು ಬರೆದಳು. ಸಾಕ್ಷಿಯ ಜಾಗದಲ್ಲಿ ಸಹಿ ಹಾಕಲು ಪೆನ್ನನ್ನು ವೆಲ್ಡರಿಗೆ ಕೊಟ್ಟಳು.