ಹೆಸರು ಕೇಳುವ ಅಗ್ನಿಗೂಡು

ನೀಲವ್ವನ ನಡುಮನೆಯ ಗೋಡೆಯಲ್ಲಿ ಹೊಸದಾಗಿ ಕೂಡಿಸಿದ ಅಗ್ನಿಗೂಡು ಭುಗ್ ಎಂದು ಹೊತ್ತಿಕೊಂಡಿತು. ಅವಳ ಮಗಳು, ಬಾಣಂತಿ ಶಕುಂತಲಾ, ಕೈಕಾಲು ಚಾಚಿ ಕಾಸಿಕೊಂಡಳು. ಪಕ್ಕದ ಮೊರದಲ್ಲಿ ಹಳೆಯ ಕೌದಿಯ ಮೇಲೆ ಅವಳ ಹೆಣ್ಣು ಕೂಸು ಮಲಗಿತ್ತು. ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಮೈ ತಣ್ಣಗಾಗಲು ಬಿಟ್ಟರೆ ಉಳಿಯುವುದು ಕಷ್ಟ ಎಂದಿದ್ದರು ವೈದ್ಯರು.

ಭೂಮಿಯ ಸೆಕೆ ಇಳಿಸುತ್ತೇವೆಂದು ಜಾಣರೆಲ್ಲ ಸೇರಿ ಆಕಾಶಕ್ಕೆ ಧೂಳಿನ ಪರದೆ ಕಟ್ಟಿದ ಮೇಲೆ ಧಾರವಾಡದಲ್ಲೂ ಹಿಮ ಬೀಳತೊಡಗಿತ್ತು. ಸೌದೆ, ಇದ್ದಲು ಸುಡುವಂತಿಲ್ಲ. ಗೋಡೆಯಲ್ಲಿ ಕೂಡಿಸುವ ಗ್ಯಾಸಿನ ಗೂಡೇ ಗತಿ. ಅದರಲ್ಲಿ ಎರಡು ಬಗೆ: ತಿರುಪಿನ ಕಿವಿ ಹಿಂಡಿದರೆ ಉರಿಯುವ ಹಳೆಯ ಗೂಡು ಒಂದು. ಇನ್ನೊಂದು, ಕೋಣೆಯಲ್ಲಿರುವವರ ಉಸಿರನ್ನು ಗುರುತಿಸಿ, ಹೆಸರು ದಾಖಲಾದವರಿಗೆ ಮಾತ್ರ, ಅವರವರ ವರ್ಷದ ಪಾಲಿನಿಂದ ಗ್ಯಾಸು ಉರಿಸುವ ಅಗ್ನಿಗೂಡು. ಊರಿನ ಅಗ್ನಿಗೂಡುಗಳಿಗೆಲ್ಲ ಒಂದೇ ಮಿದುಳು. ಅದನ್ನು ರೂಪಿಸಿದ ಡಾ. ವೈಜಯಂತಿ ಮುತಾಲಿಕ ತಾವೇ ಅದನ್ನು ತೋರಿಸಲು ಬಂದಿದ್ದರು.

ಶಕುಂತಲಾ ಎರೆದುಕೊಳ್ಳಲು ಬಚ್ಚಲಿಗೆ ಹೋದಳು. ನೀರು ಹಾಕಲು ನೀಲವ್ವನೂ ಎದ್ದಳು. ಗೂಡಿನ ಉಸಿರುಕಣ್ಣು ಹೇಗೆ ಕೆಲಸ ಮಾಡುತ್ತದೆಂದು ವಿವರಿಸುತ್ತ ವೈಜಯಂತಿಯೂ ಹಿಂದೆಯೇ ನಡೆದರು. ಮರಳಿ ಬಂದಾಗ ಉರಿ ಆರಿತ್ತು, ಅವರು ಒಳಗೆ ಕಾಲಿಟ್ಟ ಮೇಲೆ ಮತ್ತೆ ಹೊತ್ತಿಕೊಂಡಿತು. ನೀಲವ್ವ ಕೂಸಿನ ಪಾದ ಮುಟ್ಟಿ ನೋಡಿದಳು, ತಣ್ಣಗೆ ಕೊರೆಯುತ್ತಿತ್ತು. ಕೂಸನ್ನು ಎತ್ತಿ ಎದೆಗೆ ಅವಚಿ ಸೆರಗು ಹೊದಿಸಿಕೊಂಡಳು. ಅವಳಿಗೆ ಹೆದರಿಕೆಯಾಗಿತ್ತು. ಹೆದರಿದರೆ ಅವಳಿಗೆ ಸಿಟ್ಟು ಬರುವುದು ಮೊದಲಿಂದಲೂ ಇದ್ದದ್ದೇ.

"ಯಾಕ ಆರಿತು?"

"ಕೂಸಿನ ಹೆಸರು ದಾಖಲಾಗಿಲ್ರಿ. ಹಂಗಾಗಿ ಕೋಣ್ಯಾಗ ಯಾರೂ ಇಲ್ಲಂತ ತಿಳೀತು. ಸುಮ್ನ ಒಂದು ಹೆಸರು ಹೇಳ್ರಿ, ಹಾಕ್ತೀನಿ."

"ಸುಮ್ನ ಹೆಸರಿಡಾಕ ಅದೇನು ಬೆಕ್ಕಿನ ಮರಿ ಏನವಾ? ತೊಟ್ಟಲಕ್ಕ ಹಾಕೂ ದಿನ ಸೋದರತ್ತಿ ಬಂದು ಕಿವ್ಯಾಗ ಹೇಳಬೇಕು. ಅಲ್ಲೀತನಕಾ ಅದು ಬರೇ ಕೂಸು. ನನಗ ಕಿವಿ ಹಿಂಡೂ ಗೂಡ ಕೊಡು."

"ಅದಕ್ಕ ಈ ತಿಂಗಳಿಂದ ಗ್ಯಾಸ್ ಬಿಡಂಗಿಲ್ರಿ."

ನೀಲವ್ವ ಬಾಗಿಲಿಗೆ ಹೋಗಿ ಚಿಲಕ ಹಾಕಿದಳು. "ಹಂಗಾದ್ರ ಇದಕ್ಕ ಬುದ್ಧಿ ಹೇಳು. ನಮ್ಮವ್ವನ ಅಗ್ಗಿಷ್ಟಗಿ ಯಾವ ಕೂಸಿಗೂ ನಿನ್ನ ಹೆಸರೇನಂತ ಕೇಳಿದ್ದಿಲ್ಲ. ಇದು ಕಲಿಯೂತನಕಾ ನೀ ಇಲ್ಲಿಂದ ಏಳಂಗಿಲ್ಲ ತಂಗಿ. ಊಟಕ್ಕ ರೊಟ್ಟಿ ಐತಿ."

ವೈಜಯಂತಿ ನಿಯಮ ಹೇಳಿದರು, ಗ್ಯಾಸು ಹಂಚುವ ಮಂಡಳಿಯ ಹೆಸರು ಹೇಳಿದರು. ನೀಲವ್ವ ಕೂಸನ್ನು ಮೊರದಲ್ಲಿ ಮಲಗಿಸಿ ರೊಟ್ಟಿ ಬಡಿಯುತ್ತ ಕುಳಿತಳು. ಕಡೆಗೆ ವಿಜ್ಞಾನಿ ಮೊರದ ಕಡೆ ಒಮ್ಮೆ ನೋಡಿ, ಗೂಡಿನ ಮಿದುಳಿಗೆ ಒಂದು ಸಾಲು ಸೇರಿಸಿದರು: ಹೆಸರಿಲ್ಲದ ಉಸಿರಿಗೂ ಕಾವು ಕೊಡು, ಯಾರ ಪಾಲಿನಿಂದಲೂ ಕಳೆಯಬೇಡ. ಕೂಸನ್ನಷ್ಟೇ ಬಿಟ್ಟು ಎಲ್ಲರೂ ಬಚ್ಚಲಿಗೆ ಸರಿದು ನೋಡಿದರು, ಉರಿ ಆರಲಿಲ್ಲ.

ಮಿದುಳು ಒಂದೇ ಅಲ್ಲವೇ, ಊರಿನ ಗೂಡುಗಳೆಲ್ಲ ಅದನ್ನು ಕಲಿತವು. ದಾಖಲಾಗದವರು ಮನೆಯಲ್ಲಿದ್ದರೆ ಪಾಲು ಕರಗದೆ ಉರಿ ದೊಡ್ಡದಾಗುತ್ತದೆ ಎಂಬುದು ಜನಕ್ಕೆ ಬಲುಬೇಗ ತಿಳಿಯಿತು. ಆಸೆಬುರುಕರೇ ಮೊದಲು ಓಡಿದರು. ಬಸ್‌ಸ್ಟ್ಯಾಂಡಿನಲ್ಲಿ ಮುದುರಿ ಮಲಗುವವರನ್ನು, ಸಂತೆಗೆ ಬಂದು ಹಿಮಕ್ಕೆ ಸಿಕ್ಕಿಕೊಂಡವರನ್ನು ಕೈಹಿಡಿದು ಮನೆಗೆ ಕರೆತಂದರು. ಹೆಸರು ಕಿವಿಗೆ ಬಿದ್ದರೆ ಗೂಡು ದಾಖಲಿಸಿಕೊಂಡೀತೆಂದು ಯಾರೂ ಯಾರ ಹೆಸರನ್ನೂ ಕೇಳಲಿಲ್ಲ. ಹೆಸರು ಕೇಳದ ಮೇಲೆ ಜಾತಿ ಕೇಳುವುದು ಹೇಗೆ? ಆ ಚಳಿಗಾಲ ಧಾರವಾಡದ ಬೀದಿಯಲ್ಲಿ ಒಬ್ಬರೂ ಸೆಟೆದು ಸಾಯಲಿಲ್ಲ. ಆ ಸಾಲನ್ನು ಅಳಿಸಿ ಎಂದು ಮಂಡಳಿ ಗದರಿತು. "ಅಳಸಂಗಿಲ್ಲ," ಎಂದರು ವೈಜಯಂತಿ, ನೀಲವ್ವನ ಧಾಟಿಯಲ್ಲೇ.

ಕೂಸು ಮೈತುಂಬಿಕೊಳ್ಳಲೆಂದು ಮುಂದೂಡಿದ್ದ ತೊಟ್ಟಿಲ ದಿನ ಬಂತು. ಮನೆ ತುಂಬ ನೆಂಟರು, ಹೆಸರು ಗೊತ್ತಿಲ್ಲದವರು. ಗುಂಡಗಾದ ಕೂಸಿನ ಕಿವಿಗೆ ಸೋದರತ್ತೆ ಬಾಗಿದಳು. ನೀಲವ್ವ ಅವಳ ರಟ್ಟೆ ಹಿಡಿದು ಗೋಡೆಯ ಗೂಡಿನ ಕಡೆ ಕಣ್ಣಲ್ಲೇ ತೋರಿಸಿದಳು.

"ಮೆಲ್ಲಕ ಹೇಳವಾ. ಅದಕ್ಕ ಕೇಳಿಸಬಾರದು."